ಉಸಿರಮ್ಮನ ಹದಿನಾರು

ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಚಂದದ ಹೆಸರಿತ್ತು. ಇಪ್ಪತ್ತೇಳು ವರ್ಷದಲ್ಲಿ ಅದನ್ನು ಹಿಡಿದು ಕರೆದವರು ಇಲ್ಲವೆಂದೇ ಹೇಳಬೇಕು. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವಳವರೆಗೆ ಎಲ್ಲರಿಗೂ ಅವಳು ಉಸಿರಮ್ಮ. ಮೊದಮೊದಲು ಸಿಟ್ಟು ಬರುತ್ತಿತ್ತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಹೆಂಗಸು. ಕೊನೆಗೆ ಗಂಡನೇ ಮನೆಗೆ ಫೋನು ಬಂದಾಗ "ಉಸಿರಮ್ಮ ಸ್ನಾನಕ್ಕೆ ಹೋಗಿದಾರೆ" ಅನ್ನತೊಡಗಿದ ಮೇಲೆ ಸುಮ್ಮನಾದಳು.

ಹೆಸರು ಬಂದದ್ದು ಕೆಲಸದಿಂದ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಔಷಧದ ಉಗ್ರಾಣಕ್ಕೂ ಬಟ್ಟೆ ಒಗೆಯುವ ಕೋಣೆಗೂ ನಡುವೆ, ಎಂಆರ್‌ಐ ಯಂತ್ರ ಕೂತಿತ್ತು. ಕಾಯಿಲೆಯವರನ್ನು ಮಲಗಿಸಿ ಆ ಬಿಳಿಯ ಗುಹೆಯೊಳಗೆ ಸರಿಸಿ, ಗಾಜಿನ ಈಚೆ ಕೂತು ಚಿತ್ರ ತೆಗೆಯುವ ಟೆಕ್ನಿಷಿಯನ್ ಅವಳು. ಮಂಡಿಯ ಚಿತ್ರ ತೆಗೆಯುವುದು ಸುಲಭ. ಮಂಡಿ ಹೇಳಿದ ಮಾತು ಕೇಳುತ್ತದೆ. ಹೊಟ್ಟೆ ಅಷ್ಟು ಸಂಭಾವಿತ ಅಲ್ಲ. ಒಂದು ಉಸಿರು ಒಳಗೆ ಹೋದರೆ ಸಾಕು, ಲಿವರ್ ಎರಡು ಬೆರಳು ಕೆಳಗಿಳಿಯುತ್ತದೆ, ಅದರ ಬೆನ್ನಿಗೇ ಮೂತ್ರಪಿಂಡ, ಆಮೇಲೆ ಕರುಳು, ಕಿಬ್ಬೊಟ್ಟೆಯವರೆಗೆ ಎಲ್ಲವೂ ಸಾಲಾಗಿ ಜಾಗ ಬಿಡುತ್ತವೆ. ಚಿತ್ರ ಒದ್ದೆ ಕೈಯಲ್ಲಿ ಒರೆಸಿದ ಹಾಗೆ ಕಲಸಿಹೋಗುತ್ತದೆ. ಅದಕ್ಕೇ ಅವಳು ಮೈಕಿನ ಗುಂಡಿ ಒತ್ತಿ ಹೇಳಬೇಕು: "ಉಸಿರು ಎಳ್ಕೊಳ್ಳಿ. ಬಿಡಿ. ಈಗ ಹಾಗೇ ಹಿಡ್ಕೊಳ್ಳಿ." ಯಂತ್ರ ಟಕಟಕ ಬಡಿಯುವಷ್ಟು ಹೊತ್ತು ಮನಸ್ಸಿನಲ್ಲೇ ಒಂದರಿಂದ ಹದಿನಾರರವರೆಗೆ ಎಣಿಸಿ, "ಸಾಕು, ಉಸಿರಾಡಿ" ಅನ್ನಬೇಕು. ದಿನಕ್ಕೆ ನೂರೈವತ್ತು ಸಲ.

ಯಂತ್ರದ ಜೊತೆ ಇದೇ ಮಾತು ಹೇಳುವ ಒಂದು ಧ್ವನಿಯೂ ಬಂದಿತ್ತು. ಉಸಿರಮ್ಮ ಮೊದಲ ವಾರವೇ ಅದರ ಬಾಯಿ ಮುಚ್ಚಿಸಿದಳು. ಕುಸ್ತಿ ಆಡುವವನಿಗೂ ಕೆಮ್ಮುವ ಮುದುಕಿಗೂ ಒಂದೇ ರಾಗದಲ್ಲಿ ಹಿಡ್ಕೋ ಅಂದರೆ ಯಾರು ಕೇಳುತ್ತಾರೆ ಅನ್ನುವುದು ಅವಳ ವಾದ. ಅವಳ ಧ್ವನಿ ದೊಡ್ಡದು, ಗೋಡೆ ತೆಳ್ಳಗೆ. ಉಗ್ರಾಣದವನು ಮಾತ್ರೆ ಎಣಿಸುವಾಗ, ಒಗೆಯುವ ಕೋಣೆಯವಳು ಹೊದಿಕೆ ಮಡಿಸುವಾಗ, ಲಿಫ್ಟಿನವನು ಬಾಗಿಲು ತೆರೆಯುವಾಗ, ಬೆಳಗಿನಿಂದ ಸಂಜೆಯವರೆಗೆ ಅದು ಕಿವಿಗೆ ಬೀಳುತ್ತಲೇ ಇತ್ತು. ಅವರೂ ಅದಕ್ಕೆ ಹೊಂದಿಕೊಂಡು, ಕೇಳಿಸಿದರೂ ಕೇಳಿಸದವರ ಹಾಗೆ ತಮ್ಮ ಕೆಲಸ ಮಾಡಿಕೊಂಡಿದ್ದರು.

ಉಸಿರಮ್ಮನಿಗೆ ಒಬ್ಬಳು ಅಕ್ಕ ಇದ್ದಳು. ಆಸ್ಪತ್ರೆಯಿಂದ ಎರಡು ಬೀದಿ ಆಚೆ ಅವಳ ಹಿಟ್ಟಿನ ಗಿರಣಿ. ಗಂಡ ತೀರಿಕೊಂಡ ಮೇಲೂ ಮೂವತ್ತು ವರ್ಷ ಒಬ್ಬಳೇ ಅದನ್ನು ನಡೆಸಿದವಳು, ಬಾಯಿ ಜೋರು, ನಗು ಅದಕ್ಕಿಂತ ಜೋರು. ಹಿಟ್ಟಿನ ಧೂಳು ಅವಳ ಶ್ವಾಸಕೋಶವನ್ನು ನಿಧಾನಕ್ಕೆ ತಿಂದುಹಾಕಿತ್ತು. ಗಿರಣಿಗೆ ಕಾಲಿಡಬೇಡ ಎಂದು ಡಾಕ್ಟರು ಹೇಳಿದ ಮೇಲೆ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತು, ಒಳಗಿನ ಸದ್ದಿನ ಮೇಲೇ ಹಿಟ್ಟು ನುಣ್ಣಗಾಯಿತೋ ತರಿಯಾಯಿತೋ ಹೇಳುತ್ತಿದ್ದಳು.

ಆ ಅಕ್ಕನಿಗೆ ಒಂದು ವರ್ಷದಿಂದ ಹೊಟ್ಟೆನೋವು. ಬಲಗಡೆ ಪಕ್ಕೆಲುಬಿನ ಕೆಳಗೆ ಶುರುವಾಗಿ ಬೆನ್ನಿಗೆ ಹೋಗುತ್ತಿತ್ತು. ಊಟ ಸೇರುತ್ತಿರಲಿಲ್ಲ, ಬಳೆ ಮೊಣಕೈವರೆಗೆ ಜಾರುವಷ್ಟು ಇಳಿದುಹೋದಳು. ಸಾದಾ ಸ್ಕ್ಯಾನಿಂಗಿನಲ್ಲಿ ಗ್ಯಾಸು ಅಡ್ಡ ಬಂತು. ಸಿಟಿ ಸ್ಕ್ಯಾನಿನಲ್ಲಿ ಪಿತ್ತನಾಳ ಊದಿದ್ದು ಕಂಡಿತು, ಯಾಕೆ ಊದಿದೆ ಅನ್ನುವುದು ಕಾಣಲಿಲ್ಲ. ಕಲ್ಲು ಇರಬಹುದು, ಮೇದೋಜೀರಕ ಗ್ರಂಥಿಯಲ್ಲಿ ಗಂಟೂ ಇರಬಹುದು. ಎರಡಕ್ಕೂ ಭೂಮಿ ಆಕಾಶದ ವ್ಯತ್ಯಾಸ. ಅರಿವಳಿಕೆ ಕೊಟ್ಟು ಬಾಯಿಯಿಂದ ಕೊಳವೆ ಇಳಿಸಿ ಹುಡುಕೋಣವೆಂದರೆ, ಅರಿವಳಿಕೆ ಕೊಡುವ ಡಾಕ್ಟರು ಅವಳ ಎದೆಯ ಸದ್ದು ಕೇಳಿ ತಲೆ ಅಲ್ಲಾಡಿಸಿದರು. ಇಂಥದ್ದೇ ಇದೆ ಎಂದು ಖಚಿತವಾಗಿ ತೋರಿಸಿದರೆ ಹತ್ತು ನಿಮಿಷಕ್ಕೆ ಒಪ್ಪುತ್ತೇನೆ, ಹುಡುಕಾಟಕ್ಕೆ ಒಪ್ಪುವುದಿಲ್ಲ ಎಂದರು. ಉಳಿದದ್ದು ಉಸಿರಮ್ಮನ ಯಂತ್ರ.

ಅಕ್ಕನನ್ನು ಅದರೊಳಗೆ ಎರಡು ಸಲ ಮಲಗಿಸಿದಳು. ಹದಿನಾರು ಎಣಿಸುವುದಿರಲಿ, ಅಕ್ಕನಿಗೆ ನಾಲ್ಕು ದಾಟುತ್ತಿರಲಿಲ್ಲ. ಉಸಿರಿನ ಬಿಡುವು ನೋಡಿ ತಾನೇ ಚಿತ್ರ ಹಿಡಿಯುವ ಉಪಾಯವೂ ಯಂತ್ರದಲ್ಲಿತ್ತು, ಆದರೆ ಅದಕ್ಕೆ ಉಸಿರು ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ಅಕ್ಕನ ಉಸಿರು ಮುಗ್ಗರಿಸಿ ಮುಗ್ಗರಿಸಿ ನಡೆಯುವಂಥದ್ದು. ಎರಡನೇ ಸಲ ಉಸಿರಮ್ಮ ತಾಳ್ಮೆ ಕಳೆದುಕೊಂಡು ಮೈಕಿನಲ್ಲೇ ಗದರಿದಳು: ಹಟ ಮಾಡಬೇಡ, ಸ್ವಲ್ಪ ಪ್ರಯತ್ನಪಡು ಅಂತ. ಮಸುಕು ಚಿತ್ರದ ಕೆಳಗೆ ಎಂದಿನ ರೂಢಿಯಂತೆ "ರೋಗಿಯ ಸಹಕಾರ ಸಾಲದು" ಎಂದು ತಾನೇ ಟೈಪು ಮಾಡಿದಳು. ಮನೆಗೆ ಹೋಗುವ ಬಸ್ಸಿನಲ್ಲಿ ಆ ಸಾಲು ನೆನಪಾಗಿ ಕಣ್ಣೀರು ಬಂತು. ಒಡಹುಟ್ಟಿದವಳು ಸಾಯುವಷ್ಟು ಪ್ರಯತ್ನಪಟ್ಟಿದ್ದನ್ನು ಗಾಜಿನ ಈಚೆಯಿಂದ ಅವಳೇ ನೋಡಿದ್ದಳು.

ಇಂಥ ಹೊತ್ತಿನಲ್ಲಿ ಸಂಶೋಧನೆಯವರು ನೆಲಮಾಳಿಗೆಗೆ ಇಳಿದು ಬಂದರು. ಇಬ್ಬರೇ. ಒಬ್ಬರು ಹೊಟ್ಟೆ, ಕಿಬ್ಬೊಟ್ಟೆಗಳ ಚಿತ್ರ ಓದುವ ಡಾಕ್ಟರು. ಎಲ್ಲರೂ ಅವರನ್ನು ಬರಿಯ ಮೇಡಂ ಅನ್ನುತ್ತಿದ್ದರು. ಇನ್ನೊಬ್ಬರು ರಸ್ತೆಯಾಚೆಯ ಎಂಜಿನಿಯರಿಂಗ್ ಕಾಲೇಜಿನವರು. ಮಾತು ಕಡಿಮೆ, ಕಾಗದ ಜಾಸ್ತಿ, ಉಸಿರಮ್ಮ ಅವರಿಗೆ ಲೆಕ್ಕದ ಸಾರ್ ಎಂದು ಹೆಸರಿಟ್ಟಳು. ಉಸಿರು ಹಿಡಿಯುವ ಅಗತ್ಯವೇ ಇಲ್ಲದೆ ಹೊಟ್ಟೆಯ ಚಿತ್ರ ತೆಗೆಯುವುದು ಅವರ ಆಸೆ. ಕಾಯಿಲೆಯವರು ತಮ್ಮ ಪಾಡಿಗೆ ಉಸಿರಾಡಲಿ, ಕೆಮ್ಮಲಿ. ಯಂತ್ರ ಎಂಟು ನಿಮಿಷ ಎಡೆಬಿಡದೆ ಚೂರುಚೂರು ಚಿತ್ರ ಹಿಡಿಯುತ್ತದೆ. ಆಮೇಲೆ ಕಂಪ್ಯೂಟರು ಯಾವ ಚೂರು ಉಸಿರಿನ ಯಾವ ಘಟ್ಟದ್ದು ಎಂದು ವಿಂಗಡಿಸಿ ಜೋಡಿಸುತ್ತದೆ. ಪುಸ್ತಕ ಹರಿದು ಕೋಣೆ ತುಂಬ ಎಸೆದು, ಪುಟದ ನಂಬರು ನೋಡಿ ಮತ್ತೆ ಹೊಲಿದ ಹಾಗೆ ಎಂದು ಸಾರ್ ವಿವರಿಸಿದರು. ಹೊಟ್ಟೆಗೆ ಕಟ್ಟುವ ಗಾಳಿಯ ಬೆಲ್ಟು ಆ ಪುಟದ ನಂಬರು ಕೊಡುತ್ತದೆ. ಬೇರೆ ಬೇರೆ ಕಡೆ ಬೇರೆ ಬೇರೆಯವರು ಇದರ ಹಿಂದೆ ಬಿದ್ದಿದ್ದಾರಂತೆ. ತಮ್ಮದು ತೀರ ಕೆಟ್ಟ ಉಸಿರಿಗೂ ಒಗ್ಗಬೇಕು ಅನ್ನುವುದು ಇವರ ಹಟ.

ಉಸಿರಮ್ಮ ಅದನ್ನು ಕೇಳಿದ ದಿನ ಇಳಿಯಬೇಕಾದ ಬಸ್‌ಸ್ಟಾಪು ಬಿಟ್ಟು ಮೂರು ಸ್ಟಾಪು ಮುಂದೆ ಹೋದಳು. ಅಷ್ಟು ಖುಷಿ. ನಿನ್ನ ಕೆಲಸವೇ ಹೋಗುತ್ತದಲ್ಲೇ ಎಂದು ಗಂಡ ಕೇಳಿದ. ಅವನು ಬೀಗ ರಿಪೇರಿ ಮಾಡುವವನು, ಎಲ್ಲದರಲ್ಲೂ ಒಂದು ತೂತು ಹುಡುಕುವ ಅಭ್ಯಾಸ. ಹೋದರೆ ಹೋಗಲಿ, ಗಂಟಲಾದರೂ ಉಳಿಯುತ್ತದೆ ಅಂದಳು. ಅಕ್ಕನ ಹೊಟ್ಟೆಯೊಳಗೆ ಏನಿದೆ ಎಂದು ಕಾಣುತ್ತದಲ್ಲ, ಅವಳಿಗೆ ಅಷ್ಟು ಸಾಕಿತ್ತು.

ಪರೀಕ್ಷೆಗೆ ಹನ್ನೆರಡು ಜನ ಆರೋಗ್ಯವಂತರು ಬೇಕೆಂದರು. ಉಸಿರಮ್ಮ ಸೊಂಟ ಕಟ್ಟಿ ನಿಂತಳು. ಉಗ್ರಾಣದವನು, ಒಗೆಯುವ ಕೋಣೆಯವಳು, ಲಿಫ್ಟಿನವನು, ಇಬ್ಬರು ನರ್ಸುಗಳು, ಗುಮಾಸ್ತ, ಹೀಗೆ ನೆಲಮಾಳಿಗೆಯವರನ್ನೇ ಒಬ್ಬೊಬ್ಬರಾಗಿ ಹಿಡಿದು ತಂದು ಮಲಗಿಸಿದಳು. ಏನೂ ಮಾಡಬೇಡಿ, ಸುಮ್ಮನೆ ಉಸಿರಾಡಿಕೊಂಡಿರಿ ಎಂದು ಹೇಳಿ ಮೈಕು ಮುಚ್ಚಿದಳು. ಬಂದ ಚಿತ್ರಗಳನ್ನು ನೋಡಬೇಕಿತ್ತು. ಲಿವರಿನ ಅಂಚು ಕತ್ತರಿಸಿಟ್ಟಷ್ಟು ಚೊಕ್ಕ, ಪಿತ್ತನಾಳ ಬಿಳಿಯ ದಾರದಷ್ಟು ಸ್ಪಷ್ಟ, ಹೆಂಗಸರ ಗರ್ಭಕೋಶದ ಪದರಗಳೂ ಎಣಿಸುವಂತೆ ಕಂಡವು. ಹನ್ನೆರಡಕ್ಕೆ ಹನ್ನೆರಡೂ ಹಾಗೇ. ಮೇಡಂ ಉಸಿರಮ್ಮನನ್ನು ತಬ್ಬಿಕೊಂಡರು. ಲೆಕ್ಕದ ಸಾರ್ ಮೊದಲ ಸಲ ಹಲ್ಲು ಕಾಣುವಂತೆ ನಕ್ಕರು. ಸೋಮವಾರ ಆಸ್ಪತ್ರೆಯ ಸಮಿತಿಯ ಮುಂದೆ ವರದಿ ಇಡುವುದು, ಒಪ್ಪಿಗೆ ಸಿಕ್ಕರೆ ಬುಧವಾರದಿಂದಲೇ ಹತ್ತು ಮಂದಿ ಕಾಯಿಲೆಯವರಿಗೆ ಮಾಡುವುದು ಎಂದಾಯಿತು. ಹತ್ತರ ಪಟ್ಟಿಯಲ್ಲಿ ಮೊದಲ ಹೆಸರು ಅಕ್ಕನದು.

ಶನಿವಾರ ಮಧ್ಯಾಹ್ನ ವರದಿಗೆ ಲಗತ್ತಿಸಲು ಬೆಲ್ಟಿನ ಗೆರೆಗಳನ್ನು ಮುದ್ರಿಸುವ ಕೆಲಸ ಉಸಿರಮ್ಮನ ಪಾಲಿಗೆ ಬಂತು. ಹನ್ನೆರಡು ಹಾಳೆ, ಒಂದೊಂದರಲ್ಲೂ ಒಬ್ಬೊಬ್ಬರ ಉಸಿರು ಏರಿ ಇಳಿದ ಗೆರೆ. ಮೇಜಿನ ಮೇಲೆ ಸಾಲಾಗಿ ಹರವಿಟ್ಟು ಪಿನ್ನು ಹುಡುಕುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಉಸಿರಿನ ಗೆರೆ ಅಂದರೆ ಅಲೆ ಅಲೆಯಾಗಿರಬೇಕು. ಇಲ್ಲಿ ಯಂತ್ರ ಬಡಿಯಲು ಶುರು ಮಾಡಿದ ಗಳಿಗೆಯಿಂದ ಗೆರೆ ಚಪ್ಪಟೆ, ಆಮೇಲೆ ಒಂದು ಅಲೆ, ಮತ್ತೆ ಚಪ್ಪಟೆ. ಸ್ಕೇಲು ಇಟ್ಟು ಅಳೆದಳು. ಚಪ್ಪಟೆ ಭಾಗ ಪ್ರತಿಯೊಂದೂ ಹದಿನಾರು ಸೆಕೆಂಡು, ಹೆಚ್ಚೆಂದರೆ ಹದಿನೇಳು. ಹನ್ನೆರಡು ಹಾಳೆಯಲ್ಲೂ.

ಲಿಫ್ಟಿನವನನ್ನು ಹುಡುಕಿಕೊಂಡು ಹೋಗಿ, ಒಳಗೆ ಮಲಗಿದ್ದಾಗ ಉಸಿರು ಹಿಡಿದಿದ್ದೆಯಾ ಎಂದು ಕೇಳಿದಳು. ಇಲ್ಲಮ್ಮ, ಸುಮ್ಮನೆ ಮಲಗಿದ್ದೆ ಎಂದು ಅವನು ಆಣೆ ಮಾಡಿದ. ಅವನನ್ನು ಅವನ ಸ್ಟೂಲಿನ ಮೇಲೇ ಕೂರಿಸಿ, ಹೊಟ್ಟೆಯ ಮೇಲೆ ಕೈ ಇಡಿಸಿ, ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ ಯಂತ್ರದ ಟಕಟಕ ಸದ್ದು ಹಾಕಿದಳು. ಅವನ ಅಂಗಿಯ ಗುಂಡಿಗಳು ಅಲ್ಲಾಡುವುದು ನಿಂತಿತು. ಉಸಿರಮ್ಮ ಎಣಿಸಿದಳು. ಹದಿನಾರಕ್ಕೆ ಗುಂಡಿಗಳು ಮೇಲೆದ್ದವು. ಅವನು ಮಾತ್ರ ಏನೂ ಅರಿಯದವನ ಹಾಗೆ ಇಷ್ಟೇನಾ ಅಂತ ಅವಳ ಮುಖ ನೋಡುತ್ತಿದ್ದ.

ಅವಳ ಎಣಿಕೆ ಅದು. ಅವಳು ಹಿಡ್ಕೊಳ್ಳಿ ಅನ್ನುವುದು, ಯಂತ್ರ ಬಡಿಯುವುದು, ಅವಳು ಸಾಕು ಅನ್ನುವುದು, ಇದನ್ನೇ ವರ್ಷಗಟ್ಟಲೆ ಗೋಡೆಯಾಚೆಯಿಂದ ಕೇಳಿ ಕೇಳಿ ಈ ಜನದ ಮೈಯೊಳಗೆ ಇಳಿದುಬಿಟ್ಟಿತ್ತು. ಯಂತ್ರ ಬಡಿದರೆ ಸಾಕು, ಯಾರೂ ಹೇಳದಿದ್ದರೂ ಹೊಟ್ಟೆ ತಾನಾಗಿ ನಿಲ್ಲುತ್ತಿತ್ತು. ಉಸಿರಾಡುವ ಹೊಟ್ಟೆಯ ಚಿತ್ರ ತೆಗೆದೆವೆಂದು ಕುಣಿದವರು ತೆಗೆದದ್ದು ಎಂದಿನಂತೆ ಉಸಿರು ಹಿಡಿದ ಹೊಟ್ಟೆಯದೇ. ಗೆರೆಗಳು ಇಷ್ಟು ಶಾಂತವಾಗಿವೆಯಲ್ಲ, ಎಂಥ ಒಳ್ಳೆಯ ಸ್ವಯಂಸೇವಕರು ಎಂದು ಲೆಕ್ಕದ ಸಾರ್ ಬೆನ್ನು ಬೇರೆ ತಟ್ಟಿದ್ದರು. ಪಾಪ, ಅವರು ಕಾಗದದ ಮೇಲಿನ ಉಸಿರು ಬಿಟ್ಟು ಬೇರೆ ಉಸಿರು ಕಂಡವರಲ್ಲ.

ಹಾಳೆಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು. ಸುಮ್ಮನಿದ್ದರೆ ಏನಾಗುತ್ತದೆ? ಸಮಿತಿಯವರು ಚಿತ್ರ ನೋಡುತ್ತಾರೆ, ಗೆರೆ ನೋಡುವವರು ಯಾರಿದ್ದಾರೆ? ಬುಧವಾರ ಅಕ್ಕ ಯಂತ್ರದೊಳಗೆ ಇರುತ್ತಾಳೆ. ಒಂದು ವರ್ಷದಿಂದ ಕಾದದ್ದು ಅದಕ್ಕೇ ಅಲ್ಲವೇ? ಗಂಡನ ಮುಂದೆ ಎಲ್ಲವನ್ನೂ ತೋಡಿಕೊಂಡಾಗ ಅವನು, ಮೊದಲು ಅಕ್ಕನ ಕೆಲಸ ಮುಗಿಸಿಕೊ, ಸತ್ಯ ಎಲ್ಲಿಗೂ ಓಡಿಹೋಗುವುದಿಲ್ಲ, ಗುರುವಾರ ಹೇಳಿದರಾಯಿತು ಅಂದ. ಊರಿಗೆ ಉಪಕಾರಿ ಮನೆಗೆ ಮಾರಿ ಆಗಬೇಡ ಎಂದೂ ಸೇರಿಸಿದ. ಅವನು ಹೇಳಿದ್ದು ತಪ್ಪು ಎಂದು ಅವಳಿಗೆ ಅನ್ನಿಸಲಿಲ್ಲ. ಅದೇ ಕಷ್ಟವಾದದ್ದು.

ಭಾನುವಾರ ಅಕ್ಕನ ಬಳಿ ಹೋಗಿ ಕೂತಳು. ಬುಧವಾರದ ಬಗ್ಗೆ ಅಕ್ಕ ನೂರು ಪ್ರಶ್ನೆ ಕೇಳಿದಳು: ಬಳೆ ತೆಗೆಯಬೇಕಾ, ಕೆಮ್ಮು ಬಂದರೆ ಬೈಯುತ್ತೀಯಾ. ಉಸಿರಮ್ಮ ಉತ್ತರ ಕೊಡುತ್ತಿದ್ದಳು, ಕಣ್ಣು ಮಾತ್ರ ಅಕ್ಕನ ಮೈಮೇಲೆ. ಹೆಗಲು ಏರುತ್ತಿತ್ತು, ಕುತ್ತಿಗೆಯ ನರ ಎಳೆಯುತ್ತಿತ್ತು, ಬಾಯಿ ಊದುತ್ತಿತ್ತು, ಹೊಟ್ಟೆ ಅಲ್ಲಾಡುತ್ತಲೇ ಇರಲಿಲ್ಲ. ಈ ಹೊಟ್ಟೆಗೆ ಬೆಲ್ಟು ಕಟ್ಟಿದರೆ ಅದು ಏನು ನಂಬರು ಕೊಟ್ಟೀತು? ಹತ್ತನೇ ಪುಟವನ್ನು ಎಪ್ಪತ್ತರ ಪಕ್ಕ ಹೊಲಿದು, ನೋಡಲು ಅಚ್ಚುಕಟ್ಟಾದ ಪುಸ್ತಕ ಮಾಡಿಕೊಟ್ಟರೆ? ಮಸುಕು ಚಿತ್ರ ತಾನು ಮಸುಕು ಎಂದು ಒಪ್ಪಿಕೊಳ್ಳುತ್ತದೆ. ಚೊಕ್ಕಟವಾಗಿ ಸುಳ್ಳು ಹೇಳುವ ಚಿತ್ರ ಗಂಟಿಲ್ಲದ ಕಡೆ ಗಂಟು ತೋರಿಸಿದರೆ, ಇರುವ ಗಂಟನ್ನು ಮುಚ್ಚಿದರೆ, ಅದನ್ನು ಹಿಡಿಯುವವರು ಯಾರು?

ಸೋಮವಾರ ಬೆಳಿಗ್ಗೆ ಸಮಿತಿ ಸೇರುವ ಒಂದು ಗಂಟೆ ಮುಂಚೆ ಹನ್ನೆರಡು ಹಾಳೆಗಳನ್ನೂ ಇಬ್ಬರ ಮುಂದೆ ಹರವಿ ಹೇಳಿದಳು. ಲೆಕ್ಕದ ಸಾರ್ ಹಾಳೆಗಳ ಮೇಲೆ ಬಾಗಿದವರು ಏಳಲೇ ಇಲ್ಲ. ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಪಟ್ಟೀಲಿ ಮೊದಲು ನಿಮ್ಮಕ್ಕನ ಹೆಸರೇ ಇದೆ. ಗೊತ್ತಲ್ವಾ?"

"ಗೊತ್ತಿರೋದ್ರಿಂದ್ಲೇ ಹೇಳ್ತಿದೀನಿ ಮೇಡಂ."

ಸಮಿತಿಯ ಸಭೆಗೆ ಮೇಡಂ ಒಬ್ಬರೇ ಹೋಗಿ, ವರದಿ ವಾಪಸು ತೆಗೆದುಕೊಂಡು ಬಂದರು. ಮುಂದಿನ ಸಭೆ ಎರಡು ತಿಂಗಳಿಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಗಂಡ ಅಂದು ಊಟ ಬಿಟ್ಟು ಎದ್ದ. ಅಷ್ಟಕ್ಕೇ ನಿಲ್ಲದೆ, ಗಿರಣಿಗೆ ಹೋಗಿ ಅತ್ತಿಗೆಯ ಮುಂದೆ ಎಲ್ಲವನ್ನೂ ಕಕ್ಕಿಬಂದ. ಮರುದಿನ ಉಸಿರಮ್ಮ ತಲೆ ತಗ್ಗಿಸಿಕೊಂಡೇ ಅಕ್ಕನ ಕುರ್ಚಿಯ ಮುಂದೆ ನಿಂತಳು. ಬೈದುಬಿಟ್ಟರೆ ಸಾಕಿತ್ತು. ಅಕ್ಕ ಎರಡು ಉಸಿರು ಎಳೆದುಕೊಂಡು ಹೇಳಿದಳು:

"ಕೆಟ್ಟ ಗಿರಣೀಲಿ ಬೀಸಿಕೊಟ್ರೆ ಗಿರಾಕಿ ಮಾರನೇ ದಿನ ಜಗಳಕ್ಕೆ ಬರ್ತಾನೆ. ನಾನು ಸತ್ರೆ ಜಗಳಕ್ಕೂ ಬರಕ್ಕಾಗಲ್ಲ ಕಣೇ. ಸರಿ ಮಾಡ್ಕೊಂಡೇ ಕರಿ."

ಅಲ್ಲಿಂದ ಮುಂದಿನ ಏಳು ವಾರ ನೆಲಮಾಳಿಗೆಯಲ್ಲಿ ನಡೆದದ್ದನ್ನು ಉಸಿರಮ್ಮ ಇವತ್ತಿಗೂ ಕೈ ಬೀಸಿ ಬೀಸಿ ಹೇಳುತ್ತಾಳೆ. ಮೊದಲ ಕೆಲಸ, ಅವಳ ಧ್ವನಿ ಕೇಳದ ಹೊಟ್ಟೆಗಳನ್ನು ಹುಡುಕುವುದು. ಆಸ್ಪತ್ರೆಯ ಮೆಟ್ಟಿಲು ಹತ್ತದ ಜನವೇ ಬೇಕು ಎಂದು ಬೀದಿಗೆ ಇಳಿದಳು. ಎದುರಿನ ಕ್ಷೌರದಂಗಡಿಯವನನ್ನು ತಂದಳು. ಅವನು ಯಂತ್ರದೊಳಗೂ ಕಾಣದ ಗಿರಾಕಿಯ ಜೊತೆ ಮಾತು ನಿಲ್ಲಿಸಲಿಲ್ಲ. ಬಸ್ಸಿನ ಕಂಡಕ್ಟರನ್ನು ತಂದಳು. ಅವನಿಗೆ ಆ ಸದ್ದಿನಲ್ಲೇ ನಿದ್ದೆ ಬಂತು. ಪಕ್ಕದ ಮನೆಯ ಹಾಡು ಕಲಿಸುವ ಹೆಂಗಸು ಯಂತ್ರದ ಬಡಿತಕ್ಕೆ ತಾಳ ಹಾಕತೊಡಗಿದಳು. ಕೊನೆಗೆ ಗಂಡನನ್ನೇ ಎಳೆದು ತಂದಳು. ಜೇಬಿನಿಂದ, ಸೊಂಟದಿಂದ, ಕಿವಿಯ ಸಂದಿಯಿಂದ ಅವನು ಹೊರತೆಗೆದ ಬೀಗದ ಕೈ, ತಂತಿ, ಮೊಳೆಗಳಿಂದ ಒಂದು ತಟ್ಟೆ ತುಂಬಿತು. ಒಳಗೆ ಹೋದವನು ಎರಡೇ ನಿಮಿಷಕ್ಕೆ ಗೊರಕೆ ಹೊಡೆದ. ಬೆಲ್ಟಿನ ಗೆರೆ ಪರದೆಯ ಮೇಲಿಂದ ಹೊರಗೆ ಹಾರಿಹೋಗುವಷ್ಟು ಎತ್ತರ ಏರಿತು.

ಚಿತ್ರಗಳು ಬಂದವು. ದೇವರೇ ಗತಿ. ಗಂಡನ ಲಿವರ್ ನಾಲ್ಕು ಅಂಚಿನದಾಗಿ ಕಂಡಿತು, ಹಾಡಿನವಳ ಪಿತ್ತಕೋಶ ಎರಡಾಗಿತ್ತು. ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತರು. ಲೆಕ್ಕದ ಸಾರ್ ಮಾತ್ರ ಕುರ್ಚಿಯಿಂದ ಎದ್ದು ನಿಂತು ಕೈ ಉಜ್ಜಿಕೊಂಡರು. ಇಷ್ಟು ದಿನ ನಾನು ಮಾಡಿದ್ದು ಮಕ್ಕಳಾಟ, ಸಮಸ್ಯೆ ಅಂದರೆ ಇದು ಎಂದು ಅವರ ಮುಖ ಹೊಳೆಯುತ್ತಿತ್ತು. ಉಸಿರಮ್ಮನಿಗೆ ಆ ಮನುಷ್ಯನ ಮೇಲೆ ಪ್ರೀತಿ ಹುಟ್ಟಿದ್ದು ಆವತ್ತು. ಸೋತದ್ದಕ್ಕೆ ಹಿಗ್ಗುವವರನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ.

ಮೂರು ವಾರ ಸಾರ್ ಲೆಕ್ಕ ಬದಲಿಸಿದರು, ಚಿತ್ರ ಸ್ವಲ್ಪ ಸುಧಾರಿಸಿತು, ಪೂರ್ತಿ ಆಗಲಿಲ್ಲ. ಒಂದು ದಿನ ಬೆಲ್ಟಿನ ಗೆರೆಯನ್ನೇ ಹಿಡಿದು ಗುದ್ದಾಡುತ್ತಿದ್ದ ಅವರನ್ನು ನೋಡಿ ಉಸಿರಮ್ಮನಿಗೆ ರೇಗಿತು. ಆ ಬೆಲ್ಟನ್ನು ಯಾಕೆ ನಂಬುತ್ತೀರಿ, ಅದು ಹೊರಬಾಗಿಲ ಕಾವಲುಗಾರ, ಒಳಗಿನ ಸುದ್ದಿ ಅದಕ್ಕೇನು ಗೊತ್ತು ಎಂದು ಜೋರು ಮಾಡಿದಳು. ತನ್ನ ಅಕ್ಕ ಉಸಿರಾಡುವುದು ಹೆಗಲಿನಲ್ಲಿ, ಹೊಟ್ಟೆಯ ಮೇಲಿನ ಬೆಲ್ಟಿಗೆ ಅದು ತಿಳಿಯುವುದೇ ಇಲ್ಲ. ಒಳಗೆ ಲಿವರ್ ಮಾತ್ರ ಮೇಲೆ ಕೆಳಗೆ ಹೋಗುತ್ತಲೇ ಇರುತ್ತದೆ, ಅದನ್ನೇ ಕೇಳಬಾರದೇ ಅಂದಳು. ಸಾರ್ ಪೆನ್ನು ಕೆಳಗಿಟ್ಟರು.

"ಲಿವರಿನ ಮೇಲಿನ ಅಂಚು. ಉಸಿರಮ್ಮ, ಅದು ಪ್ರತಿ ಚೂರಲ್ಲೂ ಇದೆ ಅಲ್ವಾ?"

"ಇರದೆ ಎಲ್ಲಿಗೆ ಹೋಗತ್ತೆ ಸಾರ್?"

ಹರಿದ ಪುಟದ ನಂಬರು ಪುಟದೊಳಗೇ ಇತ್ತು. ಪ್ರತಿ ಚೂರಿನಲ್ಲೂ ಲಿವರಿನ ನೆತ್ತಿ ಎಲ್ಲಿದೆ ನೋಡಿ, ಅದರ ಮೇಲೇ ವಿಂಗಡಿಸಲು ಕಂಪ್ಯೂಟರಿಗೆ ಕಲಿಸುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಗಂಡನನ್ನು ಮತ್ತೆ ಮಲಗಿಸಿದರು, ಅವನು ಮತ್ತೆ ಗೊರಕೆ ಹೊಡೆದ, ಪರದೆಯ ಮೇಲೆ ಅವನ ಲಿವರ್ ಒಂದೇ ಅಂಚಿನೊಂದಿಗೆ ಮೂಡಿತು. ಅವನನ್ನು ಎಬ್ಬಿಸಿ ತೋರಿಸಿದಾಗ, ಇಷ್ಟು ಚಂದದ ಲಿವರ್ ಇಟ್ಟುಕೊಂಡು ನಾನು ಯಾರ ಮಾತು ಯಾಕೆ ಕೇಳಲಿ ಎಂದು ಒಂದು ವಾರ ಬೀಗಿದ. ಕ್ಷೌರದವನು, ಕಂಡಕ್ಟರು, ಹಾಡಿನವಳು, ಹೀಗೆ ಒಟ್ಟು ಇಪ್ಪತ್ತು ಹೊರಗಿನವರು, ಎಲ್ಲರ ಚಿತ್ರವೂ ಸರಿಬಂತು. ಸರಿಯಿಲ್ಲ ಅನ್ನಿಸಿದರೆ ಸರಿಯಿಲ್ಲವೆಂದು ಕಂಪ್ಯೂಟರೇ ಹೇಳುವಂತೆಯೂ ಸಾರ್ ಮಾಡಿದ್ದರು. ಅದು ಮೇಡಂ ಹಟ ಹಿಡಿದು ಮಾಡಿಸಿದ್ದು.

ಆದರೆ ಆರನೇ ವಾರದ ಕೊನೆಗೆ ಅಕ್ಕನ ಕಣ್ಣು ಹಳದಿಗಟ್ಟಿತು. ಉಸಿರಮ್ಮ ಬೆಳಕಿಗೆ ಹಿಡಿದು ನೋಡಿ, ಏನಿಲ್ಲ, ಬಿಸಿಲಿಗೆ ಹಾಗೆ ಕಾಣುತ್ತದೆ ಅಂದಳು. ಹೇಳಿದವಳೂ ನಂಬಲಿಲ್ಲ, ಕೇಳಿದವಳೂ ನಂಬಲಿಲ್ಲ. ಪಿತ್ತನಾಳ ಮುಚ್ಚಿಕೊಳ್ಳುತ್ತಿದೆ ಅಂದರೆ ಕಲ್ಲು ಸರಿದಿರಬೇಕು, ಇಲ್ಲವೇ ಗಂಟು ಬೆಳೆದಿರಬೇಕು. ಆ ಎರಡು ತಿಂಗಳು ತಾನೇ ಕೊಟ್ಟದ್ದು. ಗಂಟೇ ಆಗಿದ್ದರೆ, ಬೆಳೆಯಲು ಅದಕ್ಕೆ ಸಮಯ ಕೊಟ್ಟವಳು ತಾನು. ಒಗೆಯುವ ಕೋಣೆಯ ಹೊದಿಕೆಗಳ ಹಿಂದೆ ಹೋಗಿ ಒಂದು ಸಲ ಮನಸಾರೆ ಅತ್ತು, ಮುಖ ತೊಳೆದುಕೊಂಡು ಬಂದಳು. ಸಮಿತಿ ಸೇರುವ ದಿನಕ್ಕೆ ಕಾಯದೆ ಮೇಡಂ ಸಮಿತಿಯವರನ್ನು ಒಬ್ಬೊಬ್ಬರಾಗಿ ಹಿಡಿದು, ಗೆರೆ, ಚಿತ್ರ, ಗೊರಕೆ ಎಲ್ಲ ತೋರಿಸಿ, ಒಂದು ವಾರ ಮುಂಚೆ ಸಭೆ ಸೇರಿಸಿದರು. ಒಪ್ಪಿಗೆ ಬಂದ ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅಕ್ಕ ಗಾಲಿಕುರ್ಚಿಯಲ್ಲಿ ನೆಲಮಾಳಿಗೆಗೆ ಬಂದಳು.

ತಲೆಯ ಕೆಳಗೆ ದಿಂಬು ಎತ್ತರಿಸಿ, ಉಸಿರಾಟಕ್ಕೆ ಆಮ್ಲಜನಕದ ಕೊಳವೆ ಹಾಕಿ, ಉಸಿರಮ್ಮ ಅಕ್ಕನನ್ನು ಒಳಗೆ ಸರಿಸಿದಳು. ಏನು ಮಾಡಬೇಕು ಎಂದು ಅಕ್ಕ ಕೇಳಿದಳು. ಏನೂ ಮಾಡಬೇಡ, ನಿನಗೆ ಬಂದ ಹಾಗೆ ಉಸಿರಾಡು ಅಂದಾಗ, ಅಷ್ಟು ಮಾತ್ರ ನನಗೆ ಬರುತ್ತದೆ ಎಂದು ನಕ್ಕಳು. ಯಂತ್ರ ಬಡಿಯಿತು. ಉಸಿರಮ್ಮ ಗಾಜಿನ ಈಚೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಬಿಟ್ಟರೆ ಮೈಕಿನ ಗುಂಡಿಯತ್ತ ಓಡುತ್ತಿದ್ದವು. ಅಕ್ಕ ಮೂರು ಸಲ ಕೆಮ್ಮಿದಳು. ಒಮ್ಮೆ ಮೂಗು ಕೆರೆದುಕೊಂಡಳು. ಎಂಟು ನಿಮಿಷ ಕಳೆಯಿತು.

ಜೋಡಿಸಲು ಕಂಪ್ಯೂಟರಿಗೆ ಇಪ್ಪತ್ತು ನಿಮಿಷ ಬೇಕಿತ್ತು. ಅಕ್ಕನನ್ನು ಹೊರಗೆ ಕೂರಿಸಿ ಬಂದು ಮೂವರೂ ಪರದೆಯ ಮುಂದೆ ನಿಂತರು. ಚಿತ್ರ ಮೇಲಿಂದ ಕೆಳಗೆ ಒಂದೊಂದೇ ಪದರವಾಗಿ ತೆರೆಯಿತು. ಲಿವರ್ ಬಂತು, ಅಂಚು ಒಂದೇ. ಪಿತ್ತನಾಳ ಬಂತು, ಊದಿಕೊಂಡು ಬೆಳ್ಳಗೆ. ಅದರ ತಳದಲ್ಲಿ, ಕರುಳಿಗೆ ಸೇರುವ ಬಾಯಿಯಲ್ಲಿ, ಬೇಳೆಕಾಳಿನಷ್ಟು ಒಂದು ಕಪ್ಪು ಚುಕ್ಕೆ, ಸುತ್ತಲೂ ಬಿಳಿ. ಉಸಿರಮ್ಮ ಕಲ್ಲು ಗುರುತಿಸಲಾರದವಳೇ? ಆದರೂ ಮೇಡಂ ಹೇಳಲಿ ಎಂದು ಕಾದಳು. ಮೇಡಂ ಮೇದೋಜೀರಕ ಗ್ರಂಥಿಯ ತಲೆಯಿಂದ ಬಾಲದವರೆಗೆ ಒಂದೊಂದು ಪದರವನ್ನೂ ಎರಡೆರಡು ಸಲ ತಿರುವಿದರು. ಗಂಟಿರಲಿಲ್ಲ. ಎಲ್ಲೂ ಇರಲಿಲ್ಲ. ಕಂಪ್ಯೂಟರು ಎಚ್ಚರಿಕೆಯ ಸಾಲನ್ನೂ ತೋರಿಸಲಿಲ್ಲ. ಮೇಡಂ ಅರಿವಳಿಕೆ ಕೊಡುವ ಡಾಕ್ಟರಿಗೆ ಫೋನು ಮಾಡಿ, ಹುಡುಕಾಟ ಅಲ್ಲ, ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತೇನೆ ಬನ್ನಿ ಎಂದರು. ಅವರು ಬಂದು ನೋಡಿ, ನಾಳೆ ಬೆಳಿಗ್ಗೆ, ಹತ್ತು ನಿಮಿಷ, ಅಂದರು. ಲೆಕ್ಕದ ಸಾರ್ ಗೋಡೆಗೆ ಹಣೆ ಹಚ್ಚಿ ನಿಂತಿದ್ದರು, ಮನುಷ್ಯ ಅಳುತ್ತಿದ್ದ.

ಟೆಕ್ನಿಷಿಯನ್ ಆದವಳು ಕಾಯಿಲೆಯವರಿಗೆ ಫಲಿತಾಂಶ ಹೇಳಬಾರದು. ಉಸಿರಮ್ಮ ಮೇಡಂ ಮುಖ ನೋಡಿದಳು. ಹೋಗಿ ಎಂದು ಅವರು ಕೈಯಲ್ಲೇ ಹೇಳಿದರು. ಹೊರಗೆ ಹೋಗಿ ಅಕ್ಕನ ಮುಂದೆ ಮಂಡಿಯೂರಿ ಕೂತು, ಅವಳ ಎರಡೂ ಕೈ ಹಿಡಿದು, ಕಲ್ಲು, ಇಷ್ಟೇ ಇಷ್ಟು, ನಾಳೆ ತೆಗೆಯುತ್ತಾರೆ, ಬೇರೆ ಏನೂ ಇಲ್ಲ, ಗಂಟು ಇಲ್ಲ, ಎಂದು ಒಂದೇ ಸಲಕ್ಕೆ ಹೇಳಿಬಿಟ್ಟಳು. ಅಕ್ಕ ನಗುತ್ತಾಳೆ ಅಂದುಕೊಂಡಿದ್ದಳು. ಅಕ್ಕ ಬೆಚ್ಚಿಬಿದ್ದವಳ ಹಾಗೆ ಅವಳನ್ನೇ ನೋಡಿದಳು.

"ಹಂಗಾದ್ರೆ ನಾನು ಸಾಯಲ್ವಾ?"

"ಇಲ್ಲ ಕಣಕ್ಕ."

"ಅಯ್ಯೋ, ನಿನ್ನೆ ಗಿರಣಿ ಕೊಟ್ಬಿಟ್ನಲ್ಲೇ. ಪಕ್ಕದ ಬ್ರೆಡ್ಡಿನವನು ಜಾಗ ಬೇಕು ಬೇಕು ಅಂತಿದ್ದ. ಇನ್ನು ಯಾರಿಗೆ ಅಂತ ಬೀಗದ ಕೈ ಕೊಟ್ಟು ಬಂದೆ. ಇವತ್ತು ಬೋರ್ಡು ಇಳಿಸ್ತೀನಿ ಅಂದಿದ್ದ. ಓಡೇ."

ಒಂದು ವರ್ಷ ಇವಳ ಮುಂದೆ ನಗುತ್ತಲೇ ಇದ್ದ ಅಕ್ಕ, ಒಳಗೊಳಗೇ ಎಲ್ಲವನ್ನೂ ಕಟ್ಟಿಟ್ಟು ಹೊರಡಲು ತಯಾರಾಗಿದ್ದಳು. ಉಸಿರಮ್ಮನಿಗೆ ಅದು ಗೊತ್ತಾದದ್ದು ಆ ಗಳಿಗೆಯಲ್ಲಿ. ಅವಳು ಲಿಫ್ಟಿಗೂ ಕಾಯಲಿಲ್ಲ. ಆಸ್ಪತ್ರೆಯ ನೀಲಿ ಅಂಗಿಯಲ್ಲೇ, ಕೊರಳಲ್ಲಿ ಗುರುತಿನ ಚೀಟಿ ಹಾರಾಡುತ್ತ, ಐವತ್ತೆರಡು ವರ್ಷದ ಹೆಂಗಸು ಮೆಟ್ಟಿಲು ಹತ್ತಿ, ರಸ್ತೆ ದಾಟಿ, ಎರಡು ಬೀದಿ ಓಡಿದಳು. ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಗೆ ಬಂದು ಏನಾಯಿತು ಎಂದು ಕೂಗಿದ. ಅವಳು ನಿಲ್ಲಲಿಲ್ಲ.

ಬ್ರೆಡ್ಡಿನವನು ಏಣಿಯ ಮೇಲಿದ್ದ. ಬೋರ್ಡಿನ ಒಂದು ಕಡೆಯ ಎರಡು ತಿರುಪು ಬಿಚ್ಚಿ, ಅದು ವಾಲಿಕೊಂಡಿತ್ತು. ಓಡಿ ಬಂದವಳನ್ನು, ಕೆಂಪಾದ ಅವಳ ಮುಖವನ್ನು ನೋಡಿ ಅವನು ಕೆಟ್ಟ ಸುದ್ದಿಯೇ ಎಂದುಕೊಂಡು ತಲೆಯ ಮೇಲಿನ ಟೋಪಿ ತೆಗೆದ. ಉಸಿರಮ್ಮ ಏಣಿಯ ಕಾಲು ಹಿಡಿದುಕೊಂಡು ನಿಂತಳು.

"ಇಳಿಸ್ಬೇಡಪ್ಪ," ಅಂದಳು. "ಅಕ್ಕ ಬರ್ತಾಳೆ."